ಅರವತ್ತೇಳರ ಫುಟ್‌ಬಾಲ್

ಆಟಗಾರರ ಸರಾಸರಿ ವಯಸ್ಸು 67. ಮೈದಾನ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನದು. ಮೊದಲ ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳುವ ಓಟ, ಒಬ್ಬರಿಗೊಬ್ಬರು ಚೆಂಡು ದಾಟಿಸುವ ಅಭ್ಯಾಸ, ಸಮತೋಲ ತಪ್ಪದಂತೆ ನಿಲ್ಲುವ ಕಸರತ್ತು. ಆಮೇಲೆ ಐದೈದು ಜನರ ಎರಡು ತಂಡ. ಚಿಕ್ಕ ಅಂಕಣದಲ್ಲಿ ಹದಿನೈದು ನಿಮಿಷದ ಪಂದ್ಯ, ಸ್ವಲ್ಪ ಸುಧಾರಿಸಿಕೊಂಡು ಮತ್ತೊಂದು. ಆಡುವಾಗ ಇವರ ಹೃದಯ ಬಡಿತ ಅವರವರ ಗರಿಷ್ಠ ಮಿತಿಯ ಸುಮಾರು ಶೇ. 85ಕ್ಕೆ ಏರುತ್ತಿತ್ತು. ಬೆಳಗಿನ ಹೊತ್ತು ಪಾರ್ಕಿನಲ್ಲಿ ರಾಜಕೀಯ ಮಾತಾಡಿಕೊಂಡು ಎರಡು ಸುತ್ತು ಹಾಕುವವರ ಎದೆ ಅಷ್ಟು ಜೋರಾಗಿ ಬಡಿದುಕೊಳ್ಳುವುದಿಲ್ಲ.

ಈ ಆಟಗಾರರೆಲ್ಲ ಪ್ರಾಸ್ಟೇಟ್ ಕ್ಯಾನ್ಸರ್ ಆದವರು. ಅಷ್ಟೇ ಅಲ್ಲ, ಎಲ್ಲರೂ ಹಾರ್ಮೋನ್ ಚಿಕಿತ್ಸೆಯಲ್ಲಿದ್ದವರು. ಮೂಳೆ ಸವೆಯುತ್ತಿರುವ, ಸ್ನಾಯು ಕರಗುತ್ತಿರುವ, ಸದಾ ಸುಸ್ತು ಎನ್ನುವ ಅಜ್ಜಂದಿರನ್ನು ಚೆಂಡಿನ ಹಿಂದೆ ಓಡಿಸುವುದೆಂದರೆ ಯಾವ ವೈದ್ಯರಿಗಾದರೂ ಎದೆ ಝಲ್ಲೆನ್ನಬೇಕು. ಆದರೂ ಯಾಕೋಬ್ ಊಥ್, ಯೂಲಿ ಮಿಡ್ಟ್‌ಗೋರ್, ಪೀಟರ್ ಕ್ರುಸ್ಟ್ರುಪ್ ಮೊದಲಾದ ಸಂಶೋಧಕರು 57 ಜನರನ್ನು ಕಲೆಹಾಕಿ, ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಹನ್ನೆರಡು ವಾರ ಫುಟ್‌ಬಾಲ್ ಆಡಿಸಿದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಈ ಪ್ರಯೋಗಕ್ಕೆ ಅವರು ಕೊಟ್ಟ ಹೆಸರು ‘ಎಫ್‌ಸಿ ಪ್ರಾಸ್ಟೇಟ್’. ಆಸ್ಪತ್ರೆಯ ಕಾರ್ಯಕ್ರಮಕ್ಕೆ ಫುಟ್‌ಬಾಲ್ ಕ್ಲಬ್ಬಿನ ಹೆಸರು.

ಆ ಹೆಸರಿನ ಹಿಂದೆ ಒಂದು ಲೆಕ್ಕಾಚಾರವಿದೆ. ಅದು ತಿಳಿಯಬೇಕಾದರೆ ಹಾರ್ಮೋನ್ ಚಿಕಿತ್ಸೆ ಗಂಡಸಿನ ಮೈಗೆ ಏನು ಮಾಡುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಗ್ರಂಥಿ. ಗಂಡಸರಿಗೆ ಮಾತ್ರ ಇರುವಂಥದ್ದು. ಅದರಲ್ಲಿ ಹುಟ್ಟುವ ಕ್ಯಾನ್ಸರ್ ಬೆಳೆಯುವುದು ಟೆಸ್ಟೋಸ್ಟೆರಾನ್ ಹಾರ್ಮೋನಿನ ಆಸರೆಯಲ್ಲಿ. ಇದನ್ನು 1941ರಲ್ಲಿ ತೋರಿಸಿಕೊಟ್ಟವರು ಶಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್. ವೃಷಣಗಳನ್ನು ತೆಗೆದರೆ, ಇಲ್ಲವೇ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಕೊಟ್ಟರೆ, ಮೈಯೆಲ್ಲ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಹಿಮ್ಮೆಟ್ಟುತ್ತದೆ ಎಂಬುದು ಅವರ ಶೋಧ. ಹಗಿನ್ಸ್‌ಗೆ 1966ರ ನೊಬೆಲ್ ಬಂತು. ಮುಂದೆ ಆಂಡ್ರ್ಯೂ ಶ್ಯಾಲಿ ಮತ್ತು ರೋಜರ್ ಗಿಯ್ಮಾ ಮಿದುಳಿನ ಹಾರ್ಮೋನುಗಳನ್ನು ಬಿಡಿಸಿ ತೋರಿಸಿ 1977ರ ನೊಬೆಲ್ ಪಡೆದರು. ಅವುಗಳಲ್ಲೊಂದು ವೃಷಣಗಳಿಗೆ ಹೋಗುವ ಆಜ್ಞೆಯ ಮೊದಲ ಕೊಂಡಿ. ಅದನ್ನು ತಡೆಯುವ ಔಷಧಿಗಳು ಬಂದಮೇಲೆ ಕತ್ತರಿ ಹಿಡಿಯುವ ಅಗತ್ಯ ಕಡಿಮೆಯಾಯಿತು. ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್, ಟೆಸ್ಟೋಸ್ಟೆರಾನ್ ಬಹುತೇಕ ಬಂದ್.

ಆದರೆ ಟೆಸ್ಟೋಸ್ಟೆರಾನ್ ಇರುವುದು ಕ್ಯಾನ್ಸರನ್ನು ಸಾಕುವುದಕ್ಕಲ್ಲವಲ್ಲ. ಸ್ನಾಯು ಕಟ್ಟುವುದು, ಮೂಳೆ ಗಟ್ಟಿ ಇಡುವುದು, ಕೊಬ್ಬನ್ನು ಹದ್ದುಬಸ್ತಿನಲ್ಲಿಡುವುದು, ಹುಮ್ಮಸ್ಸು ಕೊಡುವುದು ಇವೆಲ್ಲ ಅದರದೇ ಕಾರುಬಾರು. ಮ್ಯಾಥ್ಯೂ ಸ್ಮಿತ್ ಎಂಬ ಅಮೆರಿಕದ ಕ್ಯಾನ್ಸರ್ ತಜ್ಞರು 2002ರಲ್ಲಿ ಲೆಕ್ಕ ಕೊಟ್ಟರು: ಇಂಜೆಕ್ಷನ್ ಶುರುವಾದ 48 ವಾರಗಳಲ್ಲಿ ಮೈಯ ಕೊಬ್ಬು ಸರಾಸರಿ ಶೇ. 9.4ರಷ್ಟು ಏರಿತ್ತು, ಕೊಬ್ಬಿಲ್ಲದ ಅಂಗಾಂಶ ಶೇ. 2.7ರಷ್ಟು ಇಳಿದಿತ್ತು. ತೂಕದ ಯಂತ್ರ ಇದನ್ನು ಮುಚ್ಚಿಡುತ್ತದೆ. ಒಂದೆರಡು ಕಿಲೋ ಹೆಚ್ಚಾಗಿದೆ ಎಂದಷ್ಟೇ ಹೇಳುತ್ತದೆ. ಪ್ಯಾಂಟಿನ ಸೊಂಟ ಬಿಗಿಯಾಗಿ ತೊಡೆಯ ಭಾಗ ಸಡಿಲಾಗಿರುವುದನ್ನು ನೋಡಿದರೆ ಒಳಗಿನ ಕಥೆ ಗೊತ್ತಾಗುತ್ತದೆ. ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರಿಗೆ ಏಳುವಾಗ ಎರಡೂ ಕೈ ಊರಬೇಕಾಗುತ್ತದೆ.

ಅದರ ಹಿಂದೆಯೇ ಬರುವ ಅಪಾಯಗಳು ಇನ್ನೂ ದೊಡ್ಡವು. 50,000ಕ್ಕೂ ಹೆಚ್ಚು ರೋಗಿಗಳ ದಾಖಲೆ ಜಾಲಾಡಿ 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ರೋಗ ಪತ್ತೆಯಾಗಿ ಐದು ವರ್ಷ ದಾಟಿದವರ ಪೈಕಿ ಹಾರ್ಮೋನ್ ಚಿಕಿತ್ಸೆ ಪಡೆದವರಲ್ಲಿ ಶೇ. 19.4 ಮಂದಿಗೆ ಮೂಳೆ ಮುರಿದಿತ್ತು. ಪಡೆಯದವರಲ್ಲಿ ಈ ಪ್ರಮಾಣ ಶೇ. 12.6. ಮರುವರ್ಷ ನ್ಯಾನ್ಸಿ ಕೀಟಿಂಗ್ ತಂಡ 73,000 ಜನರ ಮಾಹಿತಿ ನೋಡಿ, ಈ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಶೇ. 44ರಷ್ಟು ಹೆಚ್ಚು ಎಂದಿತು. ಕ್ಯಾನ್ಸರ್ ಹತೋಟಿಗೆ ಬಂತು ಎಂದು ವೈದ್ಯರು ಸಮಾಧಾನ ಪಡುವ ಹೊತ್ತಿಗೆ ಬಾತ್‌ರೂಮಿನಲ್ಲಿ ಜಾರಿ ಸೊಂಟ ಮುರಿದುಕೊಂಡ ರೋಗಿ ಮತ್ತೆ ಅದೇ ಆಸ್ಪತ್ರೆಯ ಬೇರೆ ವಾರ್ಡಿಗೆ ಬರುತ್ತಾನೆ.

ಹಿಂದೆ ಇಂಥವರಿಗೆ ಸಿಗುತ್ತಿದ್ದ ಸಲಹೆ ಒಂದೇ: ಆರಾಮ ತಗೊಳ್ಳಿ. ಮನೆಯವರೂ ಅದನ್ನೇ ಹೇಳುತ್ತಾರೆ. ಅಪ್ಪನ ಕೈಯಿಂದ ಮಗ ತರಕಾರಿ ಚೀಲ ಕಸಿದುಕೊಳ್ಳುತ್ತಾನೆ, ಹೆಂಡತಿ ನೀರಿನ ಬಿಂದಿಗೆ ಎತ್ತಲು ಬಿಡುವುದಿಲ್ಲ. ಪ್ರೀತಿಯಿಂದಲೇ ಮಾಡುವ ಕೆಲಸ, ಸ್ನಾಯುವಿನ ಪಾಲಿಗೆ ಮಾತ್ರ ದ್ರೋಹ.

ಕೆನಡಾದ ಒಟ್ಟಾವಾದಲ್ಲಿ ರೊಆನ್ ಸೀಗಲ್ ಎಂಬ ಕ್ಯಾನ್ಸರ್ ತಜ್ಞೆ ಇದಕ್ಕೆ ಎದುರಾಗಿ ಹೊರಟರು. ವ್ಯಾಯಾಮದ ಮನೋವಿಜ್ಞಾನವನ್ನೇ ಜೀವಮಾನದ ಕೆಲಸ ಮಾಡಿಕೊಂಡ ಕೆರಿ ಕೋರ್ನಿಯಾ ಅವರ ಜೊತೆಗಿದ್ದರು. ಹಾರ್ಮೋನ್ ಚಿಕಿತ್ಸೆಯಲ್ಲಿದ್ದ 155 ಗಂಡಸರ ಪೈಕಿ 82 ಜನರಿಗೆ ಹನ್ನೆರಡು ವಾರ, ವಾರಕ್ಕೆ ಮೂರು ದಿನ ಭಾರ ಎತ್ತಿಸಿದರು. ಒಂಬತ್ತು ಬಗೆಯ ವ್ಯಾಯಾಮ, ಪ್ರತಿಯೊಂದನ್ನೂ ಎಂಟರಿಂದ ಹನ್ನೆರಡು ಸಲ, ಎರಡೆರಡು ಸುತ್ತು. ಉಳಿದವರು ತಮ್ಮ ಸರದಿಗೆ ಕಾದರು. 2003ರಲ್ಲಿ ಬಂದ ಫಲಿತಾಂಶ ನಿಚ್ಚಳವಾಗಿತ್ತು. ಭಾರ ಎತ್ತಿದವರಲ್ಲಿ ಸುಸ್ತು ಇಳಿದಿತ್ತು, ಬಲ ಏರಿತ್ತು. ಸುಸ್ತಾದವನಿಗೆ ವಿಶ್ರಾಂತಿ ಎಂಬ ಸಾಮಾನ್ಯಜ್ಞಾನ ತಲೆಕೆಳಗಾಯಿತು. ವ್ಯಾಯಾಮದಿಂದ ಟೆಸ್ಟೋಸ್ಟೆರಾನ್ ಏರಿ ಕ್ಯಾನ್ಸರಿಗೆ ಗೊಬ್ಬರ ಹಾಕಿದಂತಾದೀತೇ ಎಂಬ ಭಯವೂ ಇತ್ತು. ಟೆಸ್ಟೋಸ್ಟೆರಾನ್ ಏರಲಿಲ್ಲ, ಕ್ಯಾನ್ಸರಿನ ಚಟುವಟಿಕೆ ಸೂಚಿಸುವ ಪಿಎಸ್‌ಎ ಕೂಡ ಕದಲಲಿಲ್ಲ.

ಟೆಸ್ಟೋಸ್ಟೆರಾನೇ ಇಲ್ಲದ ಮೈಯಲ್ಲಿ ಸ್ನಾಯು ಬೆಳೆಯುತ್ತದೆಯೇ? ಬೆಳೆಯುತ್ತದೆ. ಈ ಉತ್ತರವನ್ನು ಪಟ್ಟು ಹಿಡಿದು ಹುಡುಕಿದವರು ಆಸ್ಟ್ರೇಲಿಯಾದ ಪರ್ತ್ ನಗರದ ಎಡಿತ್ ಕೋವನ್ ವಿಶ್ವವಿದ್ಯಾಲಯದ ಡೇನಿಯಲ್ ಗಾಲ್ವಾವ್ ಮತ್ತು ರಾಬರ್ಟ್ ನ್ಯೂಟನ್. ಅವರ 2010ರ ಪ್ರಯೋಗದಲ್ಲಿ ಹನ್ನೆರಡು ವಾರ ಭಾರ ಎತ್ತಿ, ಸೈಕಲ್ ತುಳಿದು, ನಡೆದವರ ಸ್ನಾಯು ಹೆಚ್ಚಿತು. ನಡಿಗೆಯ ವೇಗ, ಮೈಯ ಸಮತೋಲ ಎರಡೂ ಸುಧಾರಿಸಿದವು. ಕ್ಯಾನ್ಸರ್ ಮೂಳೆಗೆ ಹರಡಿದವರನ್ನು ಜಿಮ್ಮಿಗೆ ಕರೆತರುವ ಧೈರ್ಯ ಆವರೆಗೆ ಯಾರಿಗೂ ಅಷ್ಟಾಗಿ ಇರಲಿಲ್ಲ. ಪರ್ತ್‌ನವರು ಅಂಥ 57 ಜನರ ಪೈಕಿ ಅರ್ಧದಷ್ಟು ಜನರಿಗೆ, ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಬರೆದರು: ಸೊಂಟದ ಮೂಳೆಯಲ್ಲಿ ಗಂಟು ಇದ್ದವರಿಗೆ ಅಲ್ಲಿ ಭಾರ ಬೀಳದಂತೆ, ಬೆನ್ನುಮೂಳೆಯಲ್ಲಿದ್ದವರಿಗೆ ಬೆನ್ನು ಬಾಗದಂತೆ. 2018ರಲ್ಲಿ ವರದಿ ಬಂದಾಗ ಓಡಾಟ ಸಲೀಸಾಗಿದೆ ಎಂದು ರೋಗಿಗಳೇ ಹೇಳಿದ್ದರು. ವ್ಯಾಯಾಮದಿಂದಾಗಿ ಯಾರ ಮೂಳೆಯೂ ಮುರಿದಿರಲಿಲ್ಲ.

ಹೀಗೆ ಪುರಾವೆ ಕೂಡುತ್ತ ಹೋಯಿತು. 2018ರಲ್ಲಿ ಆಸ್ಟ್ರೇಲಿಯಾದ ಕ್ಯಾನ್ಸರ್ ತಜ್ಞರ ಸಂಘ, ವ್ಯಾಯಾಮವನ್ನು ಚಿಕಿತ್ಸೆಯ ಭಾಗವಾಗಿಯೇ ಬರೆದುಕೊಡಬೇಕು ಎಂದಿತು. ಮರುವರ್ಷ ಅಮೆರಿಕದ ಕ್ರೀಡಾವೈದ್ಯ ಕಾಲೇಜು ಅಳತೆಯನ್ನೂ ಹೇಳಿತು: ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಉಸಿರು ಸ್ವಲ್ಪ ಏರುವಂಥ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು. ಮಾತ್ರೆಯಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಬಹುಪಾಲು ರೋಗಿಗಳು ಈ ಅಳತೆಯ ಹತ್ತಿರಕ್ಕೂ ಹೋಗುವುದಿಲ್ಲ. ನಡಿಗೆಯನ್ನಾದರೂ ಕೆಲವರು ಮಾಡಿಯಾರು, ಭಾರ ಎತ್ತುವವರು ಬೆರಳೆಣಿಕೆ. ಅಸಲಿ ಪ್ರಶ್ನೆ ಶುರುವಾಗುವುದು ಇಲ್ಲೇ.

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ದಿನ ಮನುಷ್ಯ ಬದಲಾಗಲು ಸಿದ್ಧನಾಗುತ್ತಾನೆ, ಪಾಠ ಹೇಳಲು ಅದೇ ಸರಿಯಾದ ಗಳಿಗೆ ಎಂದು ಆರೋಗ್ಯ ಮನೋವಿಜ್ಞಾನಿಗಳು ಬಹುಕಾಲದಿಂದ ನಂಬಿದ್ದಾರೆ. ಅರ್ಧ ನಿಜ. ಹೊಸ ಶೂ ಖರೀದಿಯಾಗುತ್ತದೆ, ಬೆಳಿಗ್ಗೆ ಐದಕ್ಕೆ ಅಲಾರಂ ಇಡುತ್ತಾರೆ. ಆದರೆ ಭಯ ಎಂಬುದು ದಿನಾ ಅದೇ ತೂಕದಲ್ಲಿ ಉಳಿಯುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಹಲವರಲ್ಲಿ ನಿಧಾನವಾಗಿ ಬೆಳೆಯುವ ರೋಗ, ಅದರ ಜೊತೆ ಹತ್ತು ಹದಿನೈದು ವರ್ಷ ಬದುಕುವವರಿದ್ದಾರೆ. ಅಷ್ಟು ವರ್ಷ ಯಾರೂ ದಿನಬೆಳಗಾದರೆ ಹೆದರಿಕೊಂಡು ಓಡಲಾರರು. ಇನ್ನು ಕೆಲವರಿಗೆ ಹೆದರಿಕೆ ಉಲ್ಟಾ ಕೆಲಸ ಮಾಡುತ್ತದೆ. ಪ್ರತಿ ಸಲ ಟ್ರ್ಯಾಕ್‌ಸೂಟ್ ಹಾಕಿದಾಗಲೂ ‘ನಾನು ರೋಗಿ’ ಎಂಬುದು ನೆನಪಾದರೆ ಟ್ರ್ಯಾಕ್‌ಸೂಟ್ ಬೀರುವಿನಲ್ಲೇ ಉಳಿಯುತ್ತದೆ.

ಅದರ ಮೇಲೆ ಈ ರೋಗಕ್ಕೇ ಮೀಸಲಾದ, ಗಂಡಸರು ಬಾಯಿಬಿಟ್ಟು ಹೇಳದ ಅಡ್ಡಿಗಳಿವೆ. ಶಸ್ತ್ರಚಿಕಿತ್ಸೆಯಾದವರಿಗೆ ಕೆಲವು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಕಾಲ, ಕೆಮ್ಮಿದರೆ, ನಕ್ಕರೆ, ಭಾರ ಎತ್ತಿದರೆ ಮೂತ್ರ ಸೋರುತ್ತದೆ. ಜಿಮ್ಮಿನ ಬೆಂಚಿನ ಮೇಲೆ ಒದ್ದೆ ಗುರುತು ಉಳಿದುಬಿಟ್ಟರೆ ಎಂಬ ಅಳುಕು ಎಂಥ ಉತ್ಸಾಹಿಯನ್ನೂ ಮನೆಯಲ್ಲಿ ಕೂರಿಸುತ್ತದೆ. ಚಡ್ಡಿಯೊಳಗೆ ಪ್ಯಾಡ್ ಇಟ್ಟುಕೊಂಡು, ಅದು ಹೊರಗೆ ಕಾಣದಂತೆ ಕಪ್ಪು ಪ್ಯಾಂಟು ಹಾಕಿಕೊಂಡು, ಮೈದಾನಕ್ಕೆ ಹೋದೊಡನೆ ಶೌಚಾಲಯ ಎಲ್ಲಿದೆ ಎಂದು ನೋಡಿಟ್ಟುಕೊಳ್ಳುವ ಜಾಣ್ಮೆ ಇವರಿಗೆ ತಾನಾಗಿ ಬರುತ್ತದೆ. ಇದಕ್ಕೂ ವ್ಯಾಯಾಮವೇ ಮದ್ದು ಎಂಬುದು ತಮಾಷೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ ಹೆರಿಗೆಯಾದ ಹೆಂಗಸರಿಗಾಗಿ 1948ರಲ್ಲಿ ವಿವರಿಸಿದ, ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿದು ಬಿಡುವ ಕಸರತ್ತನ್ನು ಈಗ ಪ್ರಾಸ್ಟೇಟ್ ತೆಗೆಸಿಕೊಂಡ ಗಂಡಸರಿಗೂ ಹೇಳಿಕೊಡುತ್ತಾರೆ. ಬಸ್ಸಿನಲ್ಲಿ ಕೂತು ಮಾಡಿದರೂ ಪಕ್ಕದವರಿಗೆ ಗೊತ್ತಾಗುವುದಿಲ್ಲ.

ಮನೋವಿಜ್ಞಾನದಲ್ಲಿ ಆಲ್ಬರ್ಟ್ ಬಾಂಡುರಾ 1977ರಲ್ಲಿ ಮುಂದಿಟ್ಟ ಒಂದು ವಿಚಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಕೆಲಸ ಒಳ್ಳೆಯದು ಎಂಬ ತಿಳುವಳಿಕೆಗಿಂತ ‘ಇದು ನನ್ನ ಕೈಲಾಗುತ್ತದೆ’ ಎಂಬ ನಂಬಿಕೆಯೇ ಮನುಷ್ಯನನ್ನು ಎಬ್ಬಿಸುತ್ತದೆ. ಆ ನಂಬಿಕೆ ಹುಟ್ಟುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ತಾನೇ ಮಾಡಿ ಗೆದ್ದ ಅನುಭವ. ಇನ್ನೊಂದು, ತನ್ನಂಥವನೇ ಒಬ್ಬ ಮಾಡುವುದನ್ನು ಕಣ್ಣಾರೆ ನೋಡುವುದು. ಇಪ್ಪತ್ತೈದರ ಹುಡುಗ ಕನ್ನಡಿ ಮುಂದೆ ಡಂಬೆಲ್ ಎತ್ತುವುದನ್ನು ನೋಡಿ ಎಪ್ಪತ್ತರ ರೋಗಿಗೆ ಹುರುಪು ಬರುವುದಿಲ್ಲ, ನಾಚಿಕೆಯಾಗುತ್ತದೆ ಅಷ್ಟೆ. ಅದೇ ಇಂಜೆಕ್ಷನ್ ತೆಗೆದುಕೊಳ್ಳುವ, ಅದೇ ರೀತಿ ಮೈ ಬಿಸಿಯೇರಿ ಬೆವರುವ ಇನ್ನೊಬ್ಬ ಎಪ್ಪತ್ತರವ ಎತ್ತಿದರೆ ಮಾತೇ ಬೇರೆ.

ವೈದ್ಯರ ಮಾತಿಗೂ ತೂಕವಿದೆ. ಕೋರ್ನಿಯಾ ಮತ್ತು ಲೀ ಜೋನ್ಸ್ 2004ರಲ್ಲಿ ಸ್ತನ ಕ್ಯಾನ್ಸರಿನ 450 ಮಹಿಳೆಯರ ಮೇಲೆ ನಡೆಸಿದ ಪ್ರಯೋಗದಲ್ಲಿ, ‘ವ್ಯಾಯಾಮ ಮಾಡಿ’ ಎಂದು ಕ್ಯಾನ್ಸರ್ ತಜ್ಞರ ಬಾಯಿಂದ ಕೇಳಿದವರು ಕೇಳದವರಿಗಿಂತ ಹೆಚ್ಚು ವ್ಯಾಯಾಮ ಮಾಡಿದ್ದರು. ಮೆಲ್ಬರ್ನಿನಲ್ಲಿ ಪೆಟ್ರೀಶಿಯಾ ಲಿವಿಂಗ್‌ಸ್ಟನ್ ತಂಡ ಪ್ರಾಸ್ಟೇಟ್ ರೋಗಿಗಳಿಗೆ ಒಂದು ಹೆಜ್ಜೆ ಮುಂದೆ ಹೋಗಿ, ಬಾಯಿಮಾತಿನ ಜೊತೆ ಹನ್ನೆರಡು ವಾರದ ವ್ಯಾಯಾಮ ಕಾರ್ಯಕ್ರಮಕ್ಕೆ ಚೀಟಿಯನ್ನೇ ಬರೆದುಕೊಡಿಸಿತು. ಅವರಲ್ಲಿ ಜೋರಾದ ವ್ಯಾಯಾಮ ಏರಿತು. ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಅರ್ಧ ನಿಮಿಷ ಬೇಕಾಗುವ ಮಾತಿದು. ಎಷ್ಟೋ ಸಲ ಆ ಅರ್ಧ ನಿಮಿಷವೂ ಸಿಗುವುದಿಲ್ಲ. ಪಿಎಸ್‌ಎ ವರದಿ ನೋಡಿ ‘ಚೆನ್ನಾಗಿದೆ, ಮೂರು ತಿಂಗಳು ಬಿಟ್ಟು ಬನ್ನಿ’ ಎನ್ನುವಲ್ಲಿಗೆ ಭೇಟಿ ಮುಗಿಯುತ್ತದೆ.

ಈಗ ಕೋಪನ್‌ಹೇಗನ್ನಿಗೆ ವಾಪಸ್ ಬರೋಣ. ಡೆನ್ಮಾರ್ಕಿನಲ್ಲಿ ಊರೂರಿಗೂ ಫುಟ್‌ಬಾಲ್ ಕ್ಲಬ್ ಇದೆ. ಅಲ್ಲಿಯ ಗಂಡಸರಲ್ಲಿ ಹಲವರು ಹುಡುಗರಾಗಿದ್ದಾಗ ಆಡಿದವರೇ. ‘ಪುನಶ್ಚೇತನ ಶಿಬಿರಕ್ಕೆ ಬನ್ನಿ’ ಎಂದರೆ ಮುಖ ತಿರುಗಿಸುವವರು ‘ಆಟಕ್ಕೆ ಜನ ಕಡಿಮೆ ಇದ್ದಾರೆ’ ಎಂದರೆ ಬಂದಾರು ಎಂಬುದು ಸಂಶೋಧಕರ ಲೆಕ್ಕಾಚಾರ. ಅದು ಫಲಿಸಿತು. ಹನ್ನೆರಡು ವಾರದ ಕೊನೆಗೆ ಆಡಿದವರ ಕೊಬ್ಬಿಲ್ಲದ ತೂಕ ಸುಮಾರು ಅರ್ಧ ಕಿಲೋ ಏರಿತ್ತು, ಕಾಲಿನ ಬಲ ಶೇ. 15ರಷ್ಟು ಹೆಚ್ಚಿತ್ತು. ಯಾರೂ ಜಿಮ್ಮಿನ ಯಂತ್ರದಲ್ಲಿ ಭಾರ ಎತ್ತಿರಲಿಲ್ಲ. ಚೆಂಡಿಗಾಗಿ ಓಡಿ, ಗಕ್ಕನೆ ನಿಂತು, ತಿರುಗಿ, ಒದ್ದು ಗಳಿಸಿದ ಬಲ ಅದು.

ಡಿಟ್ಟೆ ಮೇರಿ ಬ್ರೂನ್ ಮತ್ತು ಸಂಗಡಿಗರು ಈ ಆಟಗಾರರನ್ನು ಗುಂಪಾಗಿ ಕೂರಿಸಿ ಮಾತಾಡಿಸಿದ್ದಾರೆ. ಅಲ್ಲಿ ತಿಳಿದದ್ದು ಸ್ನಾಯುವಿನ ಅಳತೆಗಿಂತ ಸ್ವಾರಸ್ಯಕರ. ಅಂಕಣದಲ್ಲಿ ಅವರು ರೋಗಿಯ ಪಾತ್ರವನ್ನು ಹೊರಗಿಟ್ಟು ಆಟಗಾರರಾಗುತ್ತಿದ್ದರು. ತಮ್ಮ ಆರೋಗ್ಯ ತಮ್ಮ ಕೈಗೆ ವಾಪಸ್ ಬಂತು ಎನ್ನಿಸುತ್ತಿತ್ತು. ವೃತ್ತಾಕಾರದಲ್ಲಿ ಕುರ್ಚಿ ಹಾಕಿ ‘ನಿಮ್ಮ ಭಾವನೆ ಹಂಚಿಕೊಳ್ಳಿ’ ಎಂದರೆ ಬಾಯಿ ಹೊಲಿದುಕೊಳ್ಳುವ ಗಂಡಸರು, ಜೊತೆಗೆ ಆಡಿದವರ ನಡುವೆ ತಮ್ಮದೇ ಗಂಡು ಧಾಟಿಯಲ್ಲಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ರೋಗದ ಬಗ್ಗೆ ಮಾತಾಡಲೇಬೇಕೆಂಬ ಕಟ್ಟಲೆ ಇಲ್ಲದ್ದರಿಂದಲೇ ಮಾತು ಹೊರಟಿತು. ಕೆನಡಾದ ವ್ಯಾಂಕೂವರಿನಲ್ಲಿ 1996ರಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾವೈದ್ಯರು ಸ್ತನ ಕ್ಯಾನ್ಸರ್ ಗೆದ್ದ 24 ಮಹಿಳೆಯರನ್ನು ಉದ್ದನೆಯ ಡ್ರ್ಯಾಗನ್ ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕಿಸಿದ್ದರು. ಆ ದೋಣಿ ತಂಡಗಳು ಈಗ ಹಲವು ದೇಶಗಳಲ್ಲಿವೆ. ಅಲ್ಲೂ ಇದೇ ಗುಟ್ಟು: ಒಬ್ಬಳು ಬರದಿದ್ದರೆ ದೋಣಿಯಲ್ಲಿ ಒಂದು ಜಾಗ ಖಾಲಿ. ಐದೈದು ಜನರ ಆಟದಲ್ಲಿ ಒಬ್ಬ ಕೈಕೊಟ್ಟರೆ ಉಳಿದ ಒಂಬತ್ತು ಜನರ ಸಂಜೆ ಹಾಳು. ಜಿಮ್ಮಿನ ಟ್ರೆಡ್‌ಮಿಲ್ ಯಾರಿಗೂ ಫೋನ್ ಮಾಡಿ ‘ಎಲ್ಲಿದ್ದೀಯಪ್ಪ’ ಎಂದು ಕೇಳುವುದಿಲ್ಲ.

ಹೊಗಳಿಕೆ ಅತಿಯಾಗಬಾರದು. ಫುಟ್‌ಬಾಲ್ ಆಟದಲ್ಲಿ ಪೆಟ್ಟು ಬೀಳುತ್ತದೆ, ಈ ಪ್ರಯೋಗದಲ್ಲೂ ಬಿತ್ತು. ಕಾಲಿನ ಮೂಳೆ ಮುರಿದುಕೊಂಡವರೂ ಇದ್ದರು. ಮುಂದೆ ಇದನ್ನೇ ಡೆನ್ಮಾರ್ಕಿನ ಐದು ಆಸ್ಪತ್ರೆಗಳ 214 ರೋಗಿಗಳಿಗೆ, ಅವರವರ ಊರಿನ ಕ್ಲಬ್ಬುಗಳಲ್ಲಿ, ಕ್ಲಬ್ಬಿನವರೇ ತರಬೇತಿ ಕೊಡುವಂತೆ ವಿಸ್ತರಿಸಿದಾಗ ಫಲಿತಾಂಶ ಮೊದಲಿನಷ್ಟು ಚೊಕ್ಕವಾಗಿ ಬರಲಿಲ್ಲ. ಹನ್ನೆರಡು ವಾರದ ಹೊತ್ತಿಗೆ, ಮುಖ್ಯವಾಗಿ ಅಳೆಯಹೊರಟಿದ್ದ ಜೀವನ ಗುಣಮಟ್ಟದಲ್ಲಿ ಆಡಿದವರಿಗೂ ಆಡದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಆರು ತಿಂಗಳಿಗೆ ಸೊಂಟದ ಮೂಳೆಯ ಸಾಂದ್ರತೆಯಲ್ಲೂ ಮಾನಸಿಕ ಆರೋಗ್ಯದಲ್ಲೂ ಆಡಿದವರು ಮೇಲಾಗಿದ್ದರು. ಇದನ್ನು ಸೋಲು ಎನ್ನುವವರಿದ್ದಾರೆ. ಆದರೆ ಪ್ರಯೋಗಾಲಯದ ಕಾವಲಿನಿಂದ ಊರಿನ ಕ್ಲಬ್ಬಿಗೆ ಇಳಿದ ಯಾವ ಚಿಕಿತ್ಸೆಯೂ ಸ್ವಲ್ಪ ತೆಳುವಾಗುವುದು ಸಹಜ. ಮೂಳೆ ಮತ್ತು ಮನಸ್ಸು ಎರಡನ್ನೂ ಹಿಡಿದಿಡುವ ಆಟವನ್ನು ಬಿಟ್ಟುಕೊಡಲು ಅದಷ್ಟೇ ಕಾರಣ ಸಾಲದು.

ಇಷ್ಟೆಲ್ಲ ಸುಸ್ತು, ಮೂಳೆ, ಮನಸ್ಸಿನ ಮಾತಾಯಿತು. ಕ್ಯಾನ್ಸರಿಗೇ ಏನಾದರೂ ಆಗುತ್ತದೆಯೇ ಎಂದು ರೋಗಿ ಕೇಳಿಯೇ ಕೇಳುತ್ತಾನೆ. 2011ರಲ್ಲಿ ಎರಡು ವರದಿಗಳು ಬಂದವು. ಒಂದರಲ್ಲಿ ಸ್ಟೇಸಿ ಕೆನ್‌ಫೀಲ್ಡ್ ತಂಡ ರೋಗ ಹರಡಿರದ 2,705 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿತ್ತು. ವಾರಕ್ಕೆ ಮೂರು ಗಂಟೆ ಅಥವಾ ಹೆಚ್ಚು ಜೋರಾದ ವ್ಯಾಯಾಮ ಮಾಡಿದವರು ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸಾಯುವ ಸಂಭವ, ಒಂದು ಗಂಟೆಗಿಂತ ಕಡಿಮೆ ಮಾಡಿದವರಿಗಿಂತ ಶೇ. 61ರಷ್ಟು ಕಡಿಮೆ ಇತ್ತು. ಇನ್ನೊಂದರಲ್ಲಿ ಎರಿನ್ ರಿಚ್‌ಮನ್ ತಂಡ ನೋಡಿದ್ದು 1,455 ಜನರನ್ನು. ವಾರಕ್ಕೆ ಮೂರು ಗಂಟೆ ಬಿರುಸಾಗಿ ನಡೆದವರಲ್ಲಿ ರೋಗ ಮುಂದುವರಿಯುವ ಪ್ರಮಾಣ, ನಿಧಾನವಾಗಿ ಮತ್ತು ಕಡಿಮೆ ನಡೆದವರಿಗಿಂತ ಶೇ. 57ರಷ್ಟು ಕಡಿಮೆ. ಎಷ್ಟು ನಡೆದರು ಎಂಬಷ್ಟೇ ಎಷ್ಟು ಬಿರುಸಾಗಿ ನಡೆದರು ಎಂಬುದೂ ಲೆಕ್ಕಕ್ಕೆ ಬಂದಿತ್ತು. ಆದರೆ ಇವು ಹಿಂಬಾಲಿಸಿ ನೋಡಿದ ಅಧ್ಯಯನಗಳು. ರೋಗ ಒಳಗೊಳಗೇ ಬಲಿಯುತ್ತಿರುವವನು ಮೊದಲೇ ನಿಧಾನವಾಗಿ ನಡೆಯುತ್ತಿರಬಹುದಲ್ಲ? ಆ ಸಂಶಯವನ್ನು ಇವು ಪೂರ್ತಿ ತೊಡೆದುಹಾಕಲಾರವು.

ಒಳಗೆ ನಡೆಯುವುದೇನು ಎಂಬ ಎಳೆ ಹಿಡಿದವರಲ್ಲೂ ಕೋಪನ್‌ಹೇಗನ್ನಿನವರಿದ್ದಾರೆ. ದುಡಿಯುವ ಸ್ನಾಯು ತಾನೇ ಒಂದು ಗ್ರಂಥಿಯಂತೆ ರಕ್ತಕ್ಕೆ ಪ್ರೋಟೀನ್‌ಗಳನ್ನು ಬಿಡುತ್ತದೆ ಎಂದು ತೋರಿಸಿ, ಅವನ್ನು ‘ಮಯೋಕೈನ್’ ಎಂದು ಕರೆದವರು ಬೆಂಟೆ ಕ್ಲಾರ್ಲುಂಡ್ ಪೀಡರ್ಸನ್. ಅದೇ ಊರಿನ ಪರ್ನಿಲ್ಲೆ ಹೋಯ್‌ಮನ್ 2016ರಲ್ಲಿ, ಚಕ್ರದ ಮೇಲೆ ಓಡಿದ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆ ಅರ್ಧಕ್ಕಿಂತಲೂ ಕಡಿಮೆಯಾದುದನ್ನು ವರದಿ ಮಾಡಿದರು. ಓಟದಲ್ಲಿ ಉಕ್ಕುವ ಅಡ್ರಿನಲಿನ್ ರೋಗನಿರೋಧಕ ಕಣಗಳನ್ನು ಎಬ್ಬಿಸಿ ಗಡ್ಡೆಯತ್ತ ಕಳಿಸುತ್ತಿತ್ತು. ಮನುಷ್ಯರ ವಿಷಯಕ್ಕೆ ಬಂದರೆ, ಕೆನಡಾದ ಎಡ್ಮಂಟನ್‌ನಲ್ಲಿ ಕೋರ್ನಿಯಾ ತಂಡ ಇನ್ನೂ ಚಿಕಿತ್ಸೆ ಬೇಡದ, ನಿಗಾದಲ್ಲಷ್ಟೇ ಇದ್ದ 52 ಜನರ ಪೈಕಿ ಅರ್ಧದಷ್ಟು ಜನರನ್ನು ಹನ್ನೆರಡು ವಾರ ಟ್ರೆಡ್‌ಮಿಲ್ ಮೇಲೆ ಬಿಟ್ಟು ಬಿಟ್ಟು ಜೋರಾಗಿ ಓಡಿಸಿತು. 2021ರ ವರದಿಯ ಪ್ರಕಾರ ಅವರ ಪಿಎಸ್‌ಎ ಇಳಿಯಿತು. ಅವರ ರಕ್ತದ ಸೀರಂ ಹಾಕಿದಾಗ ತಟ್ಟೆಯಲ್ಲಿದ್ದ ಕ್ಯಾನ್ಸರ್ ಕಣಗಳ ಬೆಳವಣಿಗೆಯೂ ನಿಧಾನವಾಯಿತು. ಚಿಕ್ಕ ಪ್ರಯೋಗ, ಆದರೆ ದಿಕ್ಕು ತೋರಿಸುವಂಥದ್ದು.

ಗಟ್ಟಿ ಪುರಾವೆ ಬಂದದ್ದು ಬೇರೆ ಕ್ಯಾನ್ಸರಿನಿಂದ. 2025ರಲ್ಲಿ ಕೋರ್ನಿಯಾ ಮತ್ತು ಕ್ರಿಸ್ಟೋಫರ್ ಬೂತ್ ದೊಡ್ಡಕರುಳಿನ ಕ್ಯಾನ್ಸರಿನ 889 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲ ಪ್ರಕಟವಾಯಿತು. ಕೀಮೋ ಮುಗಿಸಿದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮದ ಲಾಭ ತಿಳಿಸುವ ಪುಸ್ತಿಕೆ ಮಾತ್ರ, ಇನ್ನೊಂದಕ್ಕೆ ಪುಸ್ತಿಕೆಯ ಜೊತೆ ಮೂರು ವರ್ಷ ಬೆನ್ನಿಗೆ ನಿಲ್ಲುವ ತರಬೇತುದಾರ. ಎಂಟು ವರ್ಷದ ಹೊತ್ತಿಗೆ ತರಬೇತಿ ಪಡೆದವರಲ್ಲಿ ಶೇ. 90.3 ಮಂದಿ ಬದುಕಿದ್ದರು, ಪುಸ್ತಿಕೆ ಪಡೆದವರಲ್ಲಿ ಶೇ. 83.2. ವ್ಯಾಯಾಮದ ಗುಂಪಿನಲ್ಲಿ ಸ್ನಾಯು, ಕೀಲಿನ ನೋವು ಹೆಚ್ಚಿದ್ದದ್ದೂ ನಿಜ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇಂಥ ಫಲಿತಾಂಶ ಇನ್ನೂ ಬಂದಿಲ್ಲವಾದ್ದರಿಂದ ‘ವ್ಯಾಯಾಮ ಆಯಸ್ಸು ಹೆಚ್ಚಿಸುತ್ತದೆ’ ಎಂದು ಈ ರೋಗಿಗಳಿಗೆ ಮಾತು ಕೊಡುವುದು ತಪ್ಪಾಗುತ್ತದೆ.

ಆದರೆ ಆ ಪ್ರಯೋಗದ ಇನ್ನೊಂದು ಮುಖವನ್ನು ಗಮನಿಸಬೇಕು. ಎರಡೂ ಗುಂಪಿಗೆ ತಿಳುವಳಿಕೆ ಸಿಕ್ಕಿತ್ತು. ಅದರ ಮೇಲೆ ಒಂದು ಗುಂಪಿಗೆ ಸಿಕ್ಕಿದ್ದು ಮನುಷ್ಯನ ಆಸರೆ: ಮೊದಲ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಭೇಟಿ, ಆಮೇಲೆ ನಿಧಾನಕ್ಕೆ ತಿಂಗಳಿಗೊಂದು. ಹೋದ ವಾರ ಯಾಕೆ ತಪ್ಪಿತು, ಮಳೆ ಬಂದರೆ ಏನು ಮಾಡುತ್ತೀರಿ, ಮೊಮ್ಮಗಳು ಬಂದ ದಿನ ಯಾವ ಹೊತ್ತಿಗೆ ನಡೆಯುತ್ತೀರಿ ಎಂಬಂಥ ಸಣ್ಣ ಲೆಕ್ಕಾಚಾರದ ಮಾತುಗಳಿಗೆ ಒಬ್ಬರು. ನೆದರ್‌ಲೆಂಡ್ಸ್‌ನ ಲೌರಿನ್ ಬುಫಾರ್ಟ್ 34 ಪ್ರಯೋಗಗಳ 4,519 ಕ್ಯಾನ್ಸರ್ ರೋಗಿಗಳ ಮಾಹಿತಿಯನ್ನು ಒಟ್ಟಿಗೆ ಹಾಕಿ 2017ರಲ್ಲಿ ಕಂಡುಕೊಂಡದ್ದೂ ಇದನ್ನೇ. ಯಾರಾದರೂ ಎದುರಿಗೆ ನಿಂತು ಮಾಡಿಸಿದ ವ್ಯಾಯಾಮ, ‘ಮನೆಯಲ್ಲಿ ಮಾಡಿಕೊಳ್ಳಿ’ ಎಂದು ಕಾಗದ ಕೊಟ್ಟ ವ್ಯಾಯಾಮಕ್ಕಿಂತ ಹೆಚ್ಚು ಫಲ ಕೊಟ್ಟಿತ್ತು. ಇಷ್ಟಾದಮೇಲೂ ವ್ಯಾಯಾಮ ಬಿಟ್ಟ ರೋಗಿಯನ್ನು ‘ಸೋಮಾರಿ, ಮನಸ್ಸು ಗಟ್ಟಿಯಿಲ್ಲ’ ಎಂದು ಜರೆಯುವುದು ಅನ್ಯಾಯ. ಛಲ ಎಂದು ನಾವು ಹೊಗಳುವುದರಲ್ಲಿ ಮುಕ್ಕಾಲು ಪಾಲು ವ್ಯವಸ್ಥೆಯದು: ಹೋಗಲು ಒಂದು ಜಾಗ, ನಿಗದಿಯಾದ ಹೊತ್ತು, ಕಾಯುವ ಜನ.

ಕರ್ನಾಟಕದಲ್ಲಿ ಈ ವಿಷಯ ದೂರದ ದೇಶದ ಸುದ್ದಿಯಾಗಿ ಉಳಿದಿಲ್ಲ. ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ಇಟ್ಟುಕೊಂಡು ಬಂದಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ, ಗಂಡಸರಿಗೆ ಹೆಚ್ಚಾಗಿ ಬರುವ ಕ್ಯಾನ್ಸರ್‌ಗಳ ಸಾಲಿನಲ್ಲಿ ಪ್ರಾಸ್ಟೇಟ್ ಮುಂದಕ್ಕೆ ಬಂದಿದೆ. ನಮ್ಮಲ್ಲಿ ಎಷ್ಟೋ ಜನ ಆಸ್ಪತ್ರೆಗೆ ಬರುವಾಗಲೇ ರೋಗ ಮೂಳೆಗೆ ಹರಡಿರುತ್ತದೆ. ಹಾಗಾಗಿ ಹಾರ್ಮೋನ್ ತಡೆಯುವುದೇ ಅವರಿಗೆ ಮುಖ್ಯ ಚಿಕಿತ್ಸೆ. ಇಂಜೆಕ್ಷನ್ನಿನ ಖರ್ಚು ತಡೆಯಲಾಗದವರು ಇವತ್ತಿಗೂ ವೃಷಣ ತೆಗೆಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಒಪ್ಪುತ್ತಾರೆ, ಅಂದರೆ ಹಗಿನ್ಸ್ ಕಾಲದ ದಾರಿ. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಾಡಿನಲ್ಲಿ, ಅದನ್ನು ಹೆಚ್ಚಿಸುವ ಚಿಕಿತ್ಸೆ ಪಡೆಯುವವರಿಗೆ ವ್ಯಾಯಾಮ ಇನ್ನಷ್ಟು ಅಗತ್ಯ.

ಬೆಳಗಿನ ವಾಕಿಂಗ್ ಗುಂಪುಗಳಿಗೆ ಇಲ್ಲಿ ಕೊರತೆಯಿಲ್ಲ. ಲಾಲ್‌ಬಾಗಿನಲ್ಲಾಗಲಿ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲಾಗಲಿ, ಬರದಿದ್ದವರನ್ನು ಮರುದಿನ ವಿಚಾರಿಸಿಕೊಳ್ಳುವ ಗೆಳೆಯರ ಕೂಟಗಳಿವೆ. ಡೆನ್ಮಾರ್ಕಿನವರು ಕ್ಲಬ್ಬಿನಲ್ಲಿ ಹುಡುಕಿದ ಆ ‘ಎಲ್ಲಿದ್ದೀಯಪ್ಪ’ ಇಲ್ಲಿ ಪುಕ್ಕಟೆ ಸಿಗುತ್ತದೆ. ಇಲ್ಲದಿರುವುದು ಸ್ನಾಯುವಿನ ಕೆಲಸ. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಆದರೆ ಹಾರ್ಮೋನ್ ಕಳೆದುಕೊಂಡವನ ತೊಡೆ, ತೋಳು, ಮೂಳೆಗಳಿಗೆ ಅಷ್ಟೇ ಸಾಲದು. ಭಾರ ಎತ್ತುವುದು ಹುಡುಗರ ಕೆಲಸ ಎಂಬ ಭಾವನೆಯನ್ನು ಮೊದಲು ಬಿಡಬೇಕು. ಗರಡಿಮನೆಯಲ್ಲಿ ಸಾಮು ಮಾಡಿ, ದಂಡ ಬಸ್ಕಿ ಹೊಡೆದು ಬೆಳೆದವರ ನಾಡಿದು. ಗೋಡೆ ಹಿಡಿದು ಅರ್ಧ ಬಸ್ಕಿ, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಎರಡು ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಎತ್ತಿ ಇಳಿಸುವುದು, ಇವಕ್ಕೆ ಜಿಮ್ ಬೇಡ. ವಾಕಿಂಗ್ ಮುಗಿಸಿ ಕಾಫಿಗೆ ಹೋಗುವ ಮೊದಲು ಗುಂಪಿನಲ್ಲೇ ಹತ್ತು ನಿಮಿಷ ಮಾಡಬಹುದು.

ಮನೆಯಲ್ಲಿ ಯಾರಿಗಾದರೂ ಹಾರ್ಮೋನ್ ಚಿಕಿತ್ಸೆ ಶುರು ಮಾಡಬೇಕೆಂದು ವೈದ್ಯರು ಹೇಳಿದ್ದರೆ, ಅದೇ ಭೇಟಿಯಲ್ಲಿ ಮೂರು ಪ್ರಶ್ನೆ ಕೇಳಿ. ರೋಗ ಮೂಳೆಗೆ ಹರಡಿದೆಯೇ, ಹರಡಿದ್ದರೆ ಯಾವ ಮೂಳೆಯ ಮೇಲೆ ಭಾರ ಬೀಳಬಾರದು? ಮೂಳೆ ಸಾಂದ್ರತೆಯ ಪರೀಕ್ಷೆ ಯಾವಾಗ ಮಾಡಿಸಬೇಕು? ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಹತ್ತಿರ ಈಗಲೇ ಕಳಿಸುತ್ತೀರಾ? ‘ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಇನ್ನೊಮ್ಮೆ ಕೇಳಿ. 2015ರಲ್ಲಿ ಪರ್ತ್‌ನ ಪ್ರೂ ಕಾರ್ಮಿ ತಂಡ 63 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಮೂರು ತಿಂಗಳು ವ್ಯಾಯಾಮ ಮಾಡಿದವರಿಗೆ ಕೊಬ್ಬು ಏರುವುದು ತಪ್ಪಿತ್ತು. ಅವರು ವ್ಯಾಯಾಮ ಶುರು ಮಾಡಿದ್ದು ಮೊದಲ ಇಂಜೆಕ್ಷನ್ ಬಿದ್ದ ಹತ್ತು ದಿನದೊಳಗೆ.